ಆಗುಂಬೆಯ ಮಳೆಯಲ್ಲಿ ಗುಡುಗೇಕಿಲ್ಲ, ಚಳ್ಳಕೆರೆಯ ಮಳೆ ಗುಡುಗದೆ ಏಕೆ ಬರುವುದಿಲ್ಲ?

ಚಳ್ಳಕೆರೆ ಮೇಷ್ಟ್ರು · ಜುಲೈ 9

ಎಲ್ಲರಿಗೂ ನಮಸ್ಕಾರ. ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಮಳೆಯ ಪಾಠ ಮಾಡುವಾಗ ಪರಿಸರಣ ಮಳೆ, ಆರೋಹ ಮಳೆ, ಆವರ್ತ ಮಳೆ ಎಂಬ ಮೂರು ವಿಧಗಳನ್ನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದೆ. ಪಾಠ ಮುಗಿದ ಮೇಲೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. ಅವಳು ಜೂನ್ ಕೊನೆಯಲ್ಲಿ ಆಗುಂಬೆಯ ಹತ್ತಿರವಿರುವ ದೊಡ್ಡಮ್ಮನ ಮನೆಗೆ ಹೋಗಿ ಬಂದಿದ್ದಾಳೆ. ಅಲ್ಲಿ ಮೂರು ಹಗಲು, ಮೂರು ರಾತ್ರಿ ಮಳೆ ಬಿಡದೆ ಸುರಿದರೂ ಒಂದು ಸಲವೂ ಗುಡುಗಲಿಲ್ಲವಂತೆ. "ನಮ್ಮೂರಲ್ಲಿ ಗುಡುಗು ಸಿಡಿಲು ಇಲ್ಲದೆ ದೊಡ್ಡ ಮಳೆ ಬಂದದ್ದನ್ನೇ ನಾನು ನೋಡಿಲ್ಲ ಸರ್. ಎರಡೂ ಮೋಡಗಳು ಒಂದೇ ತರಹದವಾ?" ಎಂದು ಕೇಳಿದಳು.

ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಇಟ್ಟಳು. ಈಗ ಆಷಾಢ. ಬೆಳಗಿನಿಂದ ಸಂಜೆಯವರೆಗೆ ಮೋಡಗಳು ಪಡುವಣದಿಂದ ಮೂಡಣಕ್ಕೆ ನಮ್ಮ ತಲೆಯ ಮೇಲೆಯೇ ಓಡುತ್ತಿವೆ, ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ನಿಲ್ಲದೆ ತಿರುಗುತ್ತಿವೆ, ಆದರೆ ಹೊಲಕ್ಕೆ ಒಂದು ಹದದ ಮಳೆಯೂ ಬಿದ್ದಿಲ್ಲ. ಇಷ್ಟು ಮೋಡವಿದ್ದರೂ ಮಳೆ ಏಕಿಲ್ಲ ಎಂಬುದು ಅವಳ ಪ್ರಶ್ನೆ. ಪಠ್ಯಪುಸ್ತಕದ ಮೂರು ಚಿತ್ರಗಳಲ್ಲಿ ಈ ಎರಡಕ್ಕೂ ಉತ್ತರ ಸಿಗುತ್ತಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು. ಮಕ್ಕಳಿಗೆ ಅರೆಬರೆ ಉತ್ತರ ಕೊಡಲು ನನಗೆ ಮನಸ್ಸಿಲ್ಲ.

ಘಟ್ಟದಂಚು · ಜುಲೈ 9

ಮೇಷ್ಟ್ರೇ, ಆ ಹುಡುಗಿ ನೋಡಿದ್ದು ಸರಿಯಾಗಿಯೇ ಇದೆ. ನಾವು ಆಗುಂಬೆಯ ಸೀಮೆಯಲ್ಲಿ ಅಡಿಕೆ ಬೆಳೆಯುವವರು. ನಮ್ಮ ತಂದೆಯವರ ಕಾಲದಿಂದಲೂ ಅಂಗಳದಲ್ಲಿ ಒಂದು ಮಳೆಮಾಪಕವಿದ್ದು, ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅಳತೆಯನ್ನು ನೋಡಿ ಪುಸ್ತಕದಲ್ಲಿ ಬರೆದಿಡುತ್ತೇವೆ. ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು, ಜುಲೈ ತಿಂಗಳಲ್ಲಿ ಒಂದು ದಿನಕ್ಕೆ 100 ಮಿ.ಮೀ. ದಾಟುವುದನ್ನು ಇಲ್ಲಿ ಯಾರೂ ವಿಶೇಷವೆಂದು ಹೇಳುವುದಿಲ್ಲ. ಒಂದು ಮಿ.ಮೀ. ಮಳೆಯೆಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಹಾಗಾಗಿ 100 ಮಿ.ಮೀ. ಬಿದ್ದ ದಿನ ಒಂದು ಎಕರೆ ತೋಟದ ಮೇಲೆ ನಾಲ್ಕು ಲಕ್ಷ ಲೀಟರ್‌ಗೂ ಹೆಚ್ಚು ನೀರು ಸುರಿದಿರುತ್ತದೆ. ಅಡಿಕೆ ಗೊನೆ ನೆನೆಯದಂತೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುವುದೂ, ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಸಿಂಪಡಿಸುವುದೂ ಈ ಮಳೆಯ ನಡುವೆ ಸಿಗುವ ಒಂದೆರಡು ದಿನದ ಹೊಳವಿನಲ್ಲಿಯೇ ಆಗಬೇಕು.

ಆದರೆ ಒಂದು ತಿದ್ದುಪಡಿ. ಇಲ್ಲಿ ಗುಡುಗೇ ಇಲ್ಲವೆಂದಲ್ಲ. ಭರಣಿ, ಕೃತ್ತಿಕೆ ಮಳೆಗಳು ಸಂಜೆಯ ಹೊತ್ತು ಸಿಡಿಲು ಸಮೇತ ಬರುತ್ತವೆ. ಆರಿದ್ರೆ ಹಿಡಿದು ಕೂತ ಮೇಲೆ ಗುಡುಗು ಅಪರೂಪವಾಗುತ್ತದೆ, ಮತ್ತೆ ಹಸ್ತ, ಚಿತ್ತೆಯ ಹೊತ್ತಿಗೆ ಕೇಳಿಸುತ್ತದೆ. ಇನ್ನೊಂದನ್ನೂ ಹೇಳುತ್ತೇನೆ: ಮಳೆಗಾಲದಲ್ಲಿ ನಮಗೆ ಮೋಡ ತಲೆಯ ಮೇಲೆ ಇರುವುದಿಲ್ಲ. ಸೋಮೇಶ್ವರದ ಕಡೆಯಿಂದ ಘಟ್ಟದ ಗೋಡೆಯನ್ನು ಹತ್ತಿಕೊಂಡು ಬಂದು, ಬೇಲಿಯನ್ನು ದಾಟಿ ಅಂಗಳಕ್ಕೇ ನುಗ್ಗುತ್ತದೆ. ಒಣಗಲು ಹಾಕಿದ ಬಟ್ಟೆ ಮಳೆ ಬೀಳದಿದ್ದರೂ ಒದ್ದೆಯಾಗುತ್ತದೆ.

ಪುಣೆಯ ವಿದ್ಯಾರ್ಥಿ · ಜುಲೈ 10

ನಾನು ಪುಣೆಯಲ್ಲಿ ಹವಾಮಾನ ವಿಜ್ಞಾನ ಓದುತ್ತಿದ್ದೇನೆ, ಊರು ಹಾವೇರಿ. ಮೇಷ್ಟ್ರ ಪ್ರಶ್ನೆ ಬಹಳ ಮುಖ್ಯವಾದದ್ದು, ಏಕೆಂದರೆ ಪಠ್ಯದ ಮೂರು ವಿಧಗಳು ಒಂದು ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತವೆ: ಗಾಳಿಯನ್ನು ಮೇಲಕ್ಕೆ ಎತ್ತಿದ್ದು ಯಾವುದು? ಕಾದ ನೆಲ ಎತ್ತಿದರೆ ಪರಿಸರಣ ಮಳೆ, ಬೆಟ್ಟ ಎತ್ತಿದರೆ ಆರೋಹ ಮಳೆ, ವಾಯುಭಾರ ಕುಸಿದ ಕಡೆಗೆ ಸುತ್ತಲಿನ ಗಾಳಿ ನುಗ್ಗಿ ಮೇಲೇರಿದರೆ ಆವರ್ತ ಮಳೆ. ಮೇಲೇರಿದ ಗಾಳಿಯೊಳಗೆ ಹನಿ ಹೇಗೆ ಹುಟ್ಟಿತು ಎಂಬುದು ಬೇರೆಯದೇ ಪ್ರಶ್ನೆ. ಗುಡುಗಿನ ಗುಟ್ಟು ಇರುವುದು ಈ ಎರಡನೆಯ ಪ್ರಶ್ನೆಯಲ್ಲಿ.

ಮೊದಲು ಮೋಡದ ವಿಚಾರ. ಮೇಲೇರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ಪ್ರತಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ತಣಿಯುತ್ತಾ ಹೋಗಿ ಇಬ್ಬನಿ ಬಿಂದುವನ್ನು ಮುಟ್ಟಿದಾಗ ಅದರಲ್ಲಿನ ಆವಿ ಘನೀಕರಿಸಿ ನೀರಾಗಲು ತೊಡಗುತ್ತದೆ. ಆದರೆ ಆವಿಗೆ ಕೂರಲು ಒಂದು ನೆಲೆ ಬೇಕು. ಕಡಲ ಉಪ್ಪಿನ ಕಣ, ಹೊಗೆ, ಧೂಳು ಇವೇ ಆ ನೆಲೆ. ಇವುಗಳ ಮೇಲೆ ಆವಿ ಕೂತು ಹುಟ್ಟುವ ಮೋಡದ ಹನಿಯ ವ್ಯಾಸ ಸುಮಾರು 0.02 ಮಿ.ಮೀ. ಮಾತ್ರ. ಅದು ಸೆಕೆಂಡಿಗೆ ಒಂದು ಸೆಂ.ಮೀ.ನಷ್ಟು ನಿಧಾನವಾಗಿ ಇಳಿಯುವುದರಿಂದ ಸಣ್ಣ ಏರುಗಾಳಿಯೂ ಅದನ್ನು ತೇಲಿಸಿಕೊಂಡಿರುತ್ತದೆ. ನೆಲ ಮುಟ್ಟುವ ಮಳೆಹನಿಯ ವ್ಯಾಸ ಸುಮಾರು 2 ಮಿ.ಮೀ. ವ್ಯಾಸ ನೂರು ಪಟ್ಟು ಹೆಚ್ಚಬೇಕಾದರೆ ನೀರು ಹತ್ತು ಲಕ್ಷ ಪಟ್ಟು ಹೆಚ್ಚಬೇಕು, ಅಂದರೆ ಹತ್ತು ಲಕ್ಷ ಮೋಡದ ಹನಿಗಳು ಸೇರಿ ಒಂದು ಮಳೆಹನಿ. ಬರಿಯ ಘನೀಕರಣದಿಂದಲೇ ಅಷ್ಟು ಬೆಳೆಯಬೇಕೆಂದರೆ ಮೋಡದ ಆಯುಷ್ಯ ಸಾಲದು.

ಇದಕ್ಕೆ ಪ್ರಕೃತಿಯಲ್ಲಿ ಎರಡು ದಾರಿಗಳಿವೆ. ಒಂದು, ಡಿಕ್ಕಿ ಹೊಡೆದು ಕೂಡಿಕೊಳ್ಳುವ ದಾರಿ. ಕಡಲ ಗಾಳಿಯಲ್ಲಿ ಉಪ್ಪಿನ ದೊಡ್ಡ ಕಣಗಳಿರುವುದರಿಂದ ಕೆಲವು ಹನಿಗಳು ಹುಟ್ಟುವಾಗಲೇ ಉಳಿದವಕ್ಕಿಂತ ದಪ್ಪವಾಗಿರುತ್ತವೆ; ಅವು ಬೇಗ ಇಳಿಯುತ್ತಾ ದಾರಿಯಲ್ಲಿ ಸಿಕ್ಕ ಚಿಕ್ಕ ಹನಿಗಳನ್ನು ಸೇರಿಸಿಕೊಂಡು ಬೆಳೆಯುತ್ತವೆ. ಇದಕ್ಕೆ ಮಂಜುಗಡ್ಡೆ ಬೇಕಿಲ್ಲ. ಮುಂಗಾರಿನಲ್ಲಿ ನಮ್ಮ ಮೇಲೆ ಸೊನ್ನೆ ಡಿಗ್ರಿ ಬರುವುದು ಸುಮಾರು 5 ಕಿ.ಮೀ. ಎತ್ತರದಲ್ಲಿ. ಘಟ್ಟದ ಜುಲೈ ಮೋಡಗಳಲ್ಲಿ ಹೆಚ್ಚಿನವು ಅಷ್ಟು ಎತ್ತರಕ್ಕೆ ಬೆಳೆಯುವುದೇ ಇಲ್ಲ. ತಲೆ ತಗ್ಗಿದ ಮೋಡಗಳು ಅವು, ಆದರೆ ಕಡಲಿನಿಂದ ನೀರಿನ ಪೂರೈಕೆ ನಿಲ್ಲದ ಕಾರಣ ಹಗಲು ರಾತ್ರಿ ಸುರಿಸುತ್ತಲೇ ಇರುತ್ತವೆ.

ಎರಡನೆಯದು ಹಿಮದ ದಾರಿ. ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಕೆಂಪು ನೆಲ ಕಾದು, ಬಿಸಿಗಾಳಿ ಕಂಬದಂತೆ ಎದ್ದು, ಆವಿ ನೀರಾಗುವಾಗ ಬಿಡುವ ಸುಪ್ತೋಷ್ಣದಿಂದ ಮತ್ತಷ್ಟು ಬಲ ಪಡೆದು 10, 12 ಕಿ.ಮೀ. ಎತ್ತರಕ್ಕೆ ಹೋಗುತ್ತದೆ. ಆ ಶಾಖದ ಪ್ರಮಾಣ ಎಷ್ಟೆಂದರೆ, ಒಂದು ಕಿಲೋ ಆವಿ ನೀರಾಗುವಾಗ ಬಿಡುವ ಶಾಖದಿಂದ ಸೊನ್ನೆ ಡಿಗ್ರಿಯ ಸುಮಾರು 6 ಲೀಟರ್ ನೀರನ್ನು ಕುದಿಯುವವರೆಗೆ ಕಾಯಿಸಬಹುದು. ಹೀಗೆ ಬೆಳೆದ ಮೋಡದ ಮೇಲಿನ ಅರ್ಧದಲ್ಲಿ ಹಿಮಹರಳುಗಳೂ ಮೆತ್ತನೆಯ ಆಲಿಕಲ್ಲಿನ ಉಂಡೆಗಳೂ ಇರುತ್ತವೆ. ಅವು ಏರುಗಾಳಿಯಲ್ಲಿ ಒಂದಕ್ಕೊಂದು ತಾಕಿದಾಗ ವಿದ್ಯುದಾವೇಶ ಬೇರ್ಪಟ್ಟು, ಹಗುರವಾದ ಹರಳು ತನ್ನ ಪಾಲನ್ನು ಮೇಲಕ್ಕೂ ಭಾರವಾದ ಉಂಡೆ ತನ್ನ ಪಾಲನ್ನು ಕೆಳಕ್ಕೂ ಒಯ್ಯುತ್ತವೆ. ಸಿಡಿಲು ಹುಟ್ಟುವುದು ಇದರಿಂದ. ಹಿಮವಿಲ್ಲದ ಮೋಡದಲ್ಲಿ ಈ ತಿಕ್ಕಾಟವಿಲ್ಲ, ಆದ್ದರಿಂದ ಗುಡುಗೂ ಇಲ್ಲ. ನಿಮ್ಮ ವಿದ್ಯಾರ್ಥಿನಿ ಕಿವಿಯಿಂದಲೇ ಮೋಡದ ಎತ್ತರವನ್ನು ಅಳೆದಿದ್ದಾಳೆ.

ಮೋಡ ಅಂಗಳಕ್ಕೆ ಬರುವ ಮಾತಿಗೂ ಲೆಕ್ಕವಿದೆ. ಗಾಳಿಯ ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ ಇರುವ ವ್ಯತ್ಯಾಸವನ್ನು 125ರಿಂದ ಗುಣಿಸಿದರೆ ಮೋಡದ ತಳದ ಎತ್ತರ ಅಂದಾಜಾಗಿ ಮೀಟರಿನಲ್ಲಿ ಸಿಗುತ್ತದೆ. ಕರಾವಳಿಯಲ್ಲಿ ಜುಲೈನಲ್ಲಿ ಗಾಳಿ 28, ಇಬ್ಬನಿ ಬಿಂದು 25 ಇದೆಯೆಂದುಕೊಳ್ಳಿ: ಮೋಡದ ತಳ 375 ಮೀಟರ್. ಆಗುಂಬೆ ಇರುವುದು 600 ಮೀಟರಿಗೂ ಮೇಲೆ. ಅಂದಮೇಲೆ ಘಟ್ಟದಂಚಿನವರು ಮೋಡದೊಳಗೇ ವಾಸವಾಗಿದ್ದಾರೆ. ಮೇ ತಿಂಗಳ ಚಳ್ಳಕೆರೆಯಲ್ಲಿ ಗಾಳಿ 37, ಇಬ್ಬನಿ ಬಿಂದು 19 ಆದರೆ ತಳ 2,250 ಮೀಟರಿನಲ್ಲಿರುತ್ತದೆ. ಅಲ್ಲಿಂದ ಹೊರಟ ಚಿಕ್ಕ ಹನಿಗಳು ಒಣಗಾಳಿಯಲ್ಲಿ ದಾರಿಯಲ್ಲೇ ಆರಿಹೋಗುತ್ತವೆ. ದೂರದಲ್ಲಿ ಮೋಡದಿಂದ ಮಳೆಯ ಪರದೆ ಇಳಿಬಿದ್ದು ನೆಲ ಮುಟ್ಟದೆ ನಿಂತಿರುವುದನ್ನು ನಿಮ್ಮ ಕಡೆಯವರೆಲ್ಲ ನೋಡಿರುತ್ತೀರಿ.

ಓಸ್ಲೋದಿಂದ · ಜುಲೈ 11

ಎರಡನೆಯ ದಾರಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅದರ ಸುಳಿವು ಸಿಕ್ಕ ಗುಡ್ಡ ನಾನಿರುವ ಊರಿನ ಅಂಚಿನಲ್ಲೇ ಇದೆ. ಸ್ವೀಡನ್ನಿನ ಹವಾಮಾನ ವಿಜ್ಞಾನಿ ಟೋರ್ ಬರ್ಗೆರಾನ್ 1922ರಲ್ಲಿ ಓಸ್ಲೋ ಬಳಿಯ ಆ ಗುಡ್ಡದ ವಿಶ್ರಾಂತಿಧಾಮದಲ್ಲಿ ತಂಗಿದ್ದರು. ಅಲ್ಲಿ ಮಂಜು ಕವಿಯುವುದು ಸಾಮಾನ್ಯ. ಉಷ್ಣಾಂಶ ಸೊನ್ನೆಗಿಂತ ಮೇಲಿದ್ದ ದಿನ ಸ್ಪ್ರೂಸ್ ಮರಗಳ ನಡುವಿನ ಕಾಲುದಾರಿಯವರೆಗೂ ಮಂಜು ತುಂಬಿರುತ್ತಿತ್ತು. ಸೊನ್ನೆಗಿಂತ ಐದು ಹತ್ತು ಡಿಗ್ರಿ ಕೆಳಗಿದ್ದ ದಿನ ಅದೇ ದಾರಿ ನಿಚ್ಚಳವಾಗಿದ್ದು, ಮರಗಳ ಕೊಂಬೆಗಳ ಮೇಲೆ ಬಿಳಿಯ ಹಿಮದ ಪದರ ಬೆಳೆದಿರುತ್ತಿತ್ತು. ಮಂಜಿನ ಹನಿಗಳು ಸೊನ್ನೆಗಿಂತ ಕೆಳಗಿದ್ದರೂ ಹೆಪ್ಪುಗಟ್ಟದೆ ನೀರಾಗಿಯೇ ಉಳಿದಿದ್ದವು. ಅಂಥ ನೀರಿನ ಸುತ್ತ ಇರಬೇಕಾದ ಆವಿಯ ಒತ್ತಡಕ್ಕಿಂತ ಹಿಮದ ಸುತ್ತ ಇರಬೇಕಾದ ಒತ್ತಡ ಕಡಿಮೆ. ಹಾಗಾಗಿ ಆವಿಯೆಲ್ಲ ಹಿಮದ ಕಡೆಗೆ ಸರಿದು ಹನಿಗಳು ಬತ್ತುತ್ತವೆ, ಹಿಮ ಬೆಳೆಯುತ್ತದೆ. ಮೋಡದೊಳಗೂ ಹೀಗೆಯೇ ಆಗುತ್ತಿರಬೇಕೆಂದು ಅವರು ಊಹಿಸಿದರು. ಜರ್ಮನಿಯ ಆಲ್ಫ್ರೆಡ್ ವೆಗೆನರ್ ಇದೇ ವಿಚಾರವನ್ನು 1911ರಲ್ಲಿ ಸೂಚಿಸಿದ್ದರು, 1938ರಲ್ಲಿ ವಾಲ್ಟರ್ ಫಿಂಡೈಸೆನ್ ಅದನ್ನು ಮುಂದುವರಿಸಿದರು. ಮೂವರ ಹೆಸರಿನಲ್ಲೂ ಈ ಪ್ರಕ್ರಿಯೆಯನ್ನು ಕರೆಯುತ್ತಾರೆ.

ಮೇಷ್ಟ್ರ ಪಠ್ಯದಲ್ಲಿ ಆವರ್ತ ಮಳೆಗೆ ಬಿಸಿಗಾಳಿಯ ಮುಖ, ತಂಪುಗಾಳಿಯ ಮುಖ ಎಂದು ಎರಡು ಗೆರೆಗಳ ಚಿತ್ರವಿದ್ದರೆ ಅದು ಇಲ್ಲಿಯ ಮಳೆಯ ಚಿತ್ರ. ಧ್ರುವದ ಕಡೆಯ ತಣ್ಣನೆಯ ಗಾಳಿಯ ಬೆನ್ನೇರಿ ಬೆಚ್ಚನೆಯ ಗಾಳಿ ನಿಧಾನವಾಗಿ ಮೇಲೆ ಜಾರುವುದರಿಂದ ಇಡೀ ದಿನ ಒಂದೇ ಸಮನೆ ಸಣ್ಣ ಮಳೆ ಹಿಡಿಯುತ್ತದೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಲ್ಲಿ ಈ ಮುಖಗಳಿಲ್ಲ. ಎರಡನ್ನೂ ಒಂದೇ ಹೆಸರಿನ ಕೆಳಗೆ ಇಡುವುದರಿಂದ ಮಕ್ಕಳಿಗೆ ಗೊಂದಲವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಚಳ್ಳಕೆರೆ ಮೇಷ್ಟ್ರು · ಜುಲೈ 12

ತುಂಬು ಹೃದಯದ ಧನ್ಯವಾದಗಳು. ಇದನ್ನೆಲ್ಲ ಇಂದು ತರಗತಿಯಲ್ಲಿ ಓದಿ ಹೇಳಿದೆ. ಮಕ್ಕಳು ಹತ್ತು ಲಕ್ಷದ ಲೆಕ್ಕವನ್ನು ತಾವೇ ಮಾಡಿ ನೋಡಿದರು. ಇನ್ನು ಎರಡನೆಯ ಪ್ರಶ್ನೆ. ನಮ್ಮದು ಮಳೆ ನೆರಳಿನ ಪ್ರದೇಶ. ಘಟ್ಟ ದಾಟಿದ ಗಾಳಿ ಕೆಳಗಿಳಿದು ಬಿಸಿಯಾಗಿ ಒಣಗುವುದರಿಂದ ಮಳೆಯಿಲ್ಲ ಎಂದು ಕಲಿಸುತ್ತಾ ಬಂದಿದ್ದೇನೆ. ಹಾಗಿದ್ದರೆ ಆಷಾಢದ ಈ ಮೋಡಗಳಾದರೂ ಎಲ್ಲಿಂದ ಬಂದವು?

ಪುಣೆಯ ವಿದ್ಯಾರ್ಥಿ · ಜುಲೈ 12

ಮೇಷ್ಟ್ರೇ, ಇಲ್ಲಿ ಒಂದು ಎಡವಟ್ಟಿದೆ. ಆಗುಂಬೆ 600 ಮೀಟರ್ ಚಿಲ್ಲರೆ, ಶಿವಮೊಗ್ಗ ಸುಮಾರು 570 ಮೀಟರ್, ಚಿತ್ರದುರ್ಗ 700 ಮೀಟರಿಗೂ ಮೇಲೆ. ಅಂದರೆ ಆ ಸಾಲಿನಲ್ಲಿ ಗಾಳಿ ಘಟ್ಟ ಹತ್ತಿ ಮತ್ತೆ ಸಮುದ್ರಮಟ್ಟಕ್ಕೆ ಇಳಿಯುವುದಿಲ್ಲ; ಹತ್ತಿದ ಮೇಲೆ ಬಹುಮಟ್ಟಿಗೆ ಅದೇ ಎತ್ತರದಲ್ಲಿ ಮುಂದುವರಿಯುತ್ತದೆ. ಇಳಿದು ಬಿಸಿಯಾಗುವ ಪಾಠ ಎತ್ತರದ ಶಿಖರಗಳ ಬೆನ್ನಿಗೆ ಹೊಂದುತ್ತದೆ, ಇಡೀ ಬಯಲುಸೀಮೆಗೆ ಅದೊಂದೇ ಕಾರಣವಾಗಲಾರದು.

ಆಗುವುದೇನೆಂದರೆ, ಗಾಳಿ ತನ್ನ ನೀರಿನ ದೊಡ್ಡ ಪಾಲನ್ನು ಘಟ್ಟದ ಮುಖದ ಮೇಲೆಯೇ ಕಳೆದುಕೊಂಡಿರುತ್ತದೆ. ಮುಂದೆ ಅದನ್ನು ಎತ್ತುವ ಗೋಡೆ ಇಲ್ಲ. ಮೋಡ ಕವಿದಿರುವುದರಿಂದ ಮೇ ತಿಂಗಳಂತೆ ನೆಲ ಕಾದು ಎತ್ತುವುದೂ ಇಲ್ಲ. ಮೇಲ್ಗಡೆ ಒಣಗಾಳಿಯ ಪದರವೊಂದು ಮುಚ್ಚಳದಂತೆ ಕೂತಿರುವುದರಿಂದ ಆಷಾಢದ ಮೋಡ ಒಂದು ಕಿ.ಮೀ. ಎತ್ತರದಲ್ಲಿ ಹುಟ್ಟಿ ಎರಡೂವರೆ ಮೂರು ಕಿ.ಮೀ.ಗೆ ನಿಂತುಬಿಡುತ್ತದೆ. ಹಿಮದ ದಾರಿಗೆ ಬೇಕಾದ ಎತ್ತರ ಅದಕ್ಕಿಲ್ಲ. ಡಿಕ್ಕಿಯ ದಾರಿಗೂ ತೊಡಕಿದೆ: ಒಳನಾಡಿನ ಧೂಳು, ಹೊಗೆಯ ಅಸಂಖ್ಯ ಸಣ್ಣ ಕಣಗಳು ಇದ್ದ ಆವಿಯನ್ನೇ ಹಂಚಿಕೊಳ್ಳುವುದರಿಂದ ಹನಿಗಳೆಲ್ಲ ಒಂದೇ ಸಮನೆ ಚಿಕ್ಕವಾಗಿರುತ್ತವೆ. ಉಳಿದವನ್ನು ಸೇರಿಸಿಕೊಂಡು ಇಳಿಯಬಲ್ಲ ದೊಡ್ಡ ಹನಿ ಹುಟ್ಟುವ ಮೊದಲೇ ಗಾಳಿ ಮೋಡವನ್ನು ಆಂಧ್ರದ ಕಡೆಗೆ ಒಯ್ದಿರುತ್ತದೆ. ಹೆಚ್ಚೆಂದರೆ ಅರ್ಧ ಮಿ.ಮೀ.ಗಿಂತ ಚಿಕ್ಕ ಹನಿಗಳ ಜಡಿ ಬೀಳುತ್ತದೆ, ಸೂರಿನ ನೀರು ಹರಿಯುವಷ್ಟೂ ಅಲ್ಲ. ನಿಮ್ಮ ಭಾಗಕ್ಕೆ ನಿಜವಾದ ಮಳೆಯನ್ನು ತರುವುದು ಸೆಪ್ಟೆಂಬರ್, ಅಕ್ಟೋಬರ್. ಆಗ ಪಡುವಣ ಗಾಳಿಯ ಬಿಗಿ ಸಡಿಲಿ, ಬಂಗಾಳ ಕೊಲ್ಲಿಯ ತೇವ ಮೂಡಣದಿಂದ ಬಂದು, ಬಿಸಿಲೂ ಕಾದು ಮೋಡ ಮತ್ತೆ ಎತ್ತರಕ್ಕೆ ಬೆಳೆಯುತ್ತದೆ. ಕೊಲ್ಲಿಯ ವಾಯುಭಾರ ಕುಸಿತ ಒಳನಾಡಿಗೆ ಬಂದು ನಿಂತರೆ ಏನಾಗಬಹುದೆಂಬುದನ್ನು 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಉತ್ತರ ಕರ್ನಾಟಕ ಕಂಡಿದೆ.

ದ್ರಾಕ್ಷಿ ತೋಟ, ವಿಜಯಪುರ · ಜುಲೈ 13

ಎಲ್ಲಾ ಓದೀನಿ, ಚಲೋ ಆತು. ಬರವಣಿಗೆಯ ಭಾಷೆಯಲ್ಲೇ ಮುಂದುವರಿಸುತ್ತೇನೆ. ಕಟಾವಿಗೆ ಹತ್ತು ದಿನವಿದ್ದಾಗ ಒಂದು ಮಧ್ಯಾಹ್ನ ಕಾಲು ಗಂಟೆ ಬಿದ್ದ ಆಲಿಕಲ್ಲು ನನ್ನ ಎರಡು ಎಕರೆಯ ದ್ರಾಕ್ಷಿಯನ್ನು ಕೆಡವಿತು. ಒಂದು ಕಲ್ಲನ್ನು ಕುಡುಗೋಲಿನಿಂದ ಸೀಳಿ ನೋಡಿದಾಗ ಈರುಳ್ಳಿಯಂತೆ ಪದರ ಪದರವಾಗಿತ್ತು. ಬಿಸಿಲು ಇಷ್ಟು ಜೋರಾಗಿರುವ ಕಾಲದಲ್ಲೇ ಮಂಜುಗಡ್ಡೆ ಬೀಳುವುದೇಕೆ? ಮೋಡ ಬಿತ್ತನೆಯಿಂದ ಇದನ್ನು ತಡೆಯಬಹುದೇ, ಇಲ್ಲವೇ ಆಷಾಢದ ಮೋಡದಿಂದ ಮಳೆಯನ್ನಾದರೂ ಇಳಿಸಬಹುದೇ?

ಪುಣೆಯ ವಿದ್ಯಾರ್ಥಿ · ಜುಲೈ 13

ನಿಮ್ಮ ನಷ್ಟವನ್ನು ಓದಿ ಬೇಸರವಾಯಿತು, ಅಣ್ಣಾ. ಬಿಸಿಲು ಜೋರಾಗಿರುವುದರಿಂದಲೇ ಆಲಿಕಲ್ಲು ಬೀಳುತ್ತದೆ. ಏರುಗಾಳಿ ಬಲವಾದಷ್ಟೂ ಹಿಮದ ಉಂಡೆಯನ್ನು ಮೇಲೆಯೇ ಹಿಡಿದಿಟ್ಟುಕೊಳ್ಳುತ್ತದೆ, ಸೊನ್ನೆಗಿಂತ ತಣ್ಣಗಿರುವ ನೀರಿನ ಹನಿಗಳು ಬಂದು ಬಂದು ಅದಕ್ಕೆ ಅಂಟುತ್ತವೆ. ತಟ್ಟನೆ ಹೆಪ್ಪುಗಟ್ಟಿದರೆ ಗಾಳಿ ಒಳಗೆ ಸಿಕ್ಕಿ ಬಿಳಿಯ ಪದರ, ನಿಧಾನವಾಗಿ ಹೆಪ್ಪುಗಟ್ಟಿದರೆ ಗಾಜಿನಂಥ ಪದರ. ನೀವು ಸೀಳಿ ನೋಡಿದ್ದು ಆ ಕಲ್ಲು ಮೋಡದೊಳಗೆ ಸುತ್ತಿ ಬಂದ ದಾರಿಯ ದಾಖಲೆ. ಜುಲೈ ಮಳೆಯಲ್ಲಿ ಅಂಥ ಏರುಗಾಳಿ ಇಲ್ಲದ ಕಾರಣ ಆಲಿಕಲ್ಲೂ ಇಲ್ಲ.

ಬಿತ್ತನೆಯ ಬಗ್ಗೆ: ನಮ್ಮ ರಾಜ್ಯದಲ್ಲಿ 2003ರಲ್ಲಿ ವರುಣ, 2017ರಲ್ಲಿ ವರ್ಷಧಾರೆ ಎಂಬ ಹೆಸರಿನಲ್ಲಿ ಪ್ರಯತ್ನಗಳಾಗಿವೆ. ತಣ್ಣನೆಯ ಮೋಡಕ್ಕೆ ಸಿಲ್ವರ್ ಅಯೋಡೈಡ್ ಹಾಕುವುದು ಹಿಮಹರಳಿಗೆ ಬೀಜ ಒದಗಿಸಲು, ಬೆಚ್ಚನೆಯ ಮೋಡದ ತಳಕ್ಕೆ ಕ್ಯಾಲ್ಸಿಯಂ ಕ್ಲೋರೈಡಿನಂಥ ಉಪ್ಪು ಹಾಕುವುದು ಕಡಲ ಉಪ್ಪಿನ ಕೆಲಸ ಮಾಡಿಸಲು. ಎರಡಕ್ಕೂ ಮೊದಲೇ ನೀರು ತುಂಬಿದ, ಬೆಳೆಯುತ್ತಿರುವ ಮೋಡ ಇರಲೇಬೇಕು. ಇಲ್ಲದ ಮೋಡವನ್ನು ಬಿತ್ತನೆ ಹುಟ್ಟಿಸಲಾರದು. ಆಲಿಕಲ್ಲಿಗೆ ಸದ್ಯ ನಂಬಬಹುದಾದದ್ದು ಬಳ್ಳಿಯ ಮೇಲೆ ಕಟ್ಟುವ ಬಲೆಯೇ.

ಓಸ್ಲೋದಿಂದ · ಜುಲೈ 14

ಮೇಷ್ಟ್ರ ಮಕ್ಕಳಿಗೆ ಎರಡು ಪ್ರಯೋಗಗಳು. ಒಂದು: ಸ್ಟೀಲ್ ಲೋಟದಲ್ಲಿ ನೀರು ಹಾಕಿ, ಐಸ್ ಚೂರುಗಳನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಉಷ್ಣಮಾಪಕದಿಂದ ಕದಡಿ, ಲೋಟದ ಹೊರಮೈ ಯಾವ ಡಿಗ್ರಿಯಲ್ಲಿ ಬೆವರಿತೋ ಅದೇ ಅಂದಿನ ಇಬ್ಬನಿ ಬಿಂದು. ಎರಡು: ತಟ್ಟೆಯಲ್ಲಿ ಜರಡಿ ಹಿಡಿದ ಮೈದಾ ಹಿಟ್ಟನ್ನು ಎರಡು ಬೆರಳು ದಪ್ಪ ಹರಡಿ, ಮಳೆಗೆ ಒಂದೆರಡು ಸೆಕೆಂಡು ಒಡ್ಡಿ ಒಳಗೆ ತನ್ನಿ. ಪ್ರತಿ ಹನಿಯೂ ಹಿಟ್ಟಿನಲ್ಲಿ ಒಂದು ಉಂಡೆಯಾಗುತ್ತದೆ. ಒಣಗಿದ ಮೇಲೆ ಜರಡಿ ಹಿಡಿದರೆ ಹನಿಯ ಗಾತ್ರ ಸರಿಸುಮಾರಾಗಿ ತಿಳಿಯುತ್ತದೆ. ಅಮೆರಿಕದ ವರ್ಮಾಂಟ್ ಎಂಬಲ್ಲಿ ರೈತನಾಗಿದ್ದ ವಿಲ್ಸನ್ ಬೆಂಟ್ಲಿ ನೂರು ವರ್ಷಗಳಿಗೂ ಹಿಂದೆ ಹೀಗೆಯೇ ಮಳೆಹನಿಗಳನ್ನು ಅಳೆದ. ಆಗುಂಬೆಯಲ್ಲೂ ಚಳ್ಳಕೆರೆಯಲ್ಲೂ ಇದನ್ನು ಮಾಡಿದರೆ ಎರಡು ದಾರಿಗಳ ವ್ಯತ್ಯಾಸ ಕಣ್ಣಿಗೆ ಕಾಣಬಹುದು.

ಘಟ್ಟದಂಚು · ಜುಲೈ 17

ಮಾಡಿದೆವು. ಮೊದಲ ಸಲ ತಟ್ಟೆಯನ್ನು ಹೆಚ್ಚು ಹೊತ್ತು ಹಿಡಿದು ಹಿಟ್ಟೆಲ್ಲ ಅಂಟಾಯಿತು. ಎರಡನೆಯ ಸಲ ಕೊಡೆಯನ್ನು ಒಮ್ಮೆ ಸರಿಸಿ ಮುಚ್ಚಿದೆವು. ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿ ಜರಡಿ ಹಿಡಿದರೆ ಲೆಕ್ಕವಿಲ್ಲದಷ್ಟು ಉಂಡೆಗಳು, ಬಹುಪಾಲು ರಾಗಿ ಕಾಳಿನ ಗಾತ್ರ, ಅದಕ್ಕಿಂತ ಚಿಕ್ಕವೂ ಬೇಕಾದಷ್ಟು. ದಪ್ಪವಾದವು ಬೆರಳೆಣಿಕೆಯಷ್ಟು ಮಾತ್ರ. ಅಂದು ಬೆಳಿಗ್ಗೆಯ ಅಳತೆ 138 ಮಿ.ಮೀ. ಇತ್ತು, ಗುಡುಗು ಇರಲಿಲ್ಲ.

ಚಳ್ಳಕೆರೆ ಮೇಷ್ಟ್ರು · ಅಕ್ಟೋಬರ್ 3

ಇಷ್ಟು ದಿನ ಕಾಯಬೇಕಾಯಿತು, ಕ್ಷಮಿಸಿ. ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂಬ ಸುದ್ದಿ ಬಂದಿತ್ತು. ಮೊನ್ನೆ ಹಸ್ತ ಮಳೆಯ ಮೋಡ ಮೂಡಣದಲ್ಲಿ ಕಟ್ಟಿತು. ಮಧ್ಯಾಹ್ನ ಎರಡು ಗಂಟೆಗೆ ಅಂಗಳದ ನೆರಳಿನಲ್ಲಿ ಗಾಳಿ 31 ಡಿಗ್ರಿ ಇತ್ತು, ಲೋಟ ಬೆವರಿದ್ದು 21 ಡಿಗ್ರಿಯಲ್ಲಿ. ಮಕ್ಕಳ ಲೆಕ್ಕದಂತೆ ಮೋಡದ ತಳ 1,250 ಮೀಟರ್. ನಾಲ್ಕೂವರೆಗೆ ಧೂಳೆಬ್ಬಿಸುವ ತಣ್ಣನೆಯ ಗಾಳಿ, ಅದರ ಹಿಂದೆಯೇ ಸಿಡಿಲು, ಆಮೇಲೆ ಹನಿ. ಮೊದಲ ತಟ್ಟೆಯಲ್ಲಿ ಸಿಕ್ಕಿದ್ದು ಹದಿನೇಳೇ ಉಂಡೆಗಳು, ಆದರೆ ಹೆಚ್ಚಿನವು ಹೆಸರುಕಾಳಿನ ಗಾತ್ರ. ಪ್ರಶ್ನೆ ಕೇಳಿದ ಹುಡುಗಿಯೇ ಎಣಿಸಿದಳು.

ಇಲ್ಲಿಗೆ ನಿಲ್ಲಿಸದೆ ಅವಳು ಒಂದು ಗಂಟೆಯ ನಂತರ, ಸಿಡಿಲು ದೂರ ಸರಿದು ಮಳೆ ಒಂದೇ ಸಮನೆ ಸಣ್ಣಗೆ ಹಿಡಿದಾಗ, ಇನ್ನೊಂದು ತಟ್ಟೆಯನ್ನು ಒಡ್ಡಿದಳು. ಈ ಬಾರಿ ಎಲ್ಲವೂ ಸಾಸಿವೆ ಕಾಳಿನ ಗಾತ್ರ. "ಅದೇ ಮೋಡ, ಆದರೆ ಎರಡನೆಯ ತಟ್ಟೆ ಆಗುಂಬೆಯ ತಟ್ಟೆಯ ಹಾಗಿದೆ. ಇದೂ ಹಿಮವಿಲ್ಲದ ಮಳೆಯೇ?" ಎಂದು ಕೇಳುತ್ತಿದ್ದಾಳೆ.

ಪುಣೆಯ ವಿದ್ಯಾರ್ಥಿ · ಅಕ್ಟೋಬರ್ 3

ಅಲ್ಲವೆಂದು ಅವಳಿಗೆ ಹೇಳಿ. ಮೊದಲ ತಟ್ಟೆಗೆ ದಪ್ಪ ಹನಿಗಳು ಮಾತ್ರ ಸಿಕ್ಕಿದ್ದಕ್ಕೆ ಒಂದು ಕಾರಣ ಅವುಗಳ ವೇಗ: 5 ಮಿ.ಮೀ. ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ಇಳಿಯುತ್ತದೆ, 2 ಮಿ.ಮೀ. ಹನಿ ಆರೂವರೆ ಮೀಟರ್. ದಪ್ಪದವು ಮೊದಲು ಬಂದು ಮುಟ್ಟುತ್ತವೆ. ಒಣಗಾಳಿಯಲ್ಲಿ ಆರದೆ ಉಳಿಯುವುದೂ ಅವೇ. ಎರಡನೆಯ ತಟ್ಟೆಯ ಹೊತ್ತಿಗೆ ಏರುಗಾಳಿ ಸೋತು, ಮೇಲೆ ಹರಡಿಕೊಂಡ ಮೋಡದಲ್ಲಿದ್ದ ಹಿಮಹರಳುಗಳು ಒಂದಕ್ಕೊಂದು ಅಂಟಿ ನಿಧಾನವಾಗಿ ಇಳಿಯತೊಡಗಿದ್ದವು. ತಿಕ್ಕಾಟದ ಜೋರು ಕಡಿಮೆಯಾದದ್ದರಿಂದ ಸಿಡಿಲೂ ವಿರಳವಾಯಿತು. ಆ ಹರಳುಗಳು ಸೊನ್ನೆ ಡಿಗ್ರಿಯ ಎತ್ತರವನ್ನು ದಾಟುವಾಗ ಕರಗಿ ಹನಿಯಾದವು. ಅವಳು ತಟ್ಟೆ ಹಿಡಿದು ಅಂಗಳದಲ್ಲಿ ನಿಂತಿದ್ದಾಗ, ಅವಳ ತಲೆಯ ಮೇಲೆ ಐದು ಕಿಲೋಮೀಟರ್ ಎತ್ತರದಲ್ಲಿ, ಚಳ್ಳಕೆರೆಯ ಆಕಾಶದಲ್ಲಿ ಹಿಮ ಬೀಳುತ್ತಿತ್ತು.